ಹಂಪಿಗೆ ಹೊರಡುವ ಮೊದಲು ಪಂಚಾಂಗ ನೋಡಿ

"ಹಂಪಿಗೆ ಯಾವಾಗ ಹೋದರೆ ಒಳ್ಳೆಯದು ಸಾರ್?" ಎಂದು ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಕನ್ನಡ ಮೇಷ್ಟ್ರು ಕಳೆದ ವಾರ ಕೇಳಿದರು. ಸಂಸಾರ ಸಮೇತ ಹೋಗಬೇಕಂತೆ. ಬೇರೆಯವರನ್ನು ಕೇಳಿದ್ದರೆ "ನವೆಂಬರಿಂದ ಫೆಬ್ರುವರಿ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಆ ಉತ್ತರ ತಪ್ಪೇನಲ್ಲ. ಆದರೆ ನಾನು "ಯಾವ ಹಂಪಿಗೆ?" ಎಂದು ತಿರುಗಿ ಕೇಳಿದೆ. ಅವರು ನನ್ನ ಮುಖ ನೋಡಿದರು. ವಿಜ್ಞಾನದ ಮೇಷ್ಟ್ರುಗಳಿಗೆ ಸುಲಭದ ಪ್ರಶ್ನೆಯನ್ನು ಕಠಿಣ ಮಾಡುವ ಚಾಳಿ ಇರುತ್ತದೆ ಎಂದು ಅಂದುಕೊಂಡಿರಬೇಕು.

ಹಂಪಿ ಒಂದೇ ಊರಲ್ಲ. ನದಿ ತುಂಬಿ ಪುರಂದರ ಮಂಟಪ ಮುಳುಗಿ ನಿಂತಾಗಿನ ಹಂಪಿ ಒಂದು. ಚಳಿಗಾಲದ ಬೆಳಗಿನಲ್ಲಿ ಮಾತಂಗ ಬೆಟ್ಟದ ಮೇಲೆ ನಿಂತರೆ ಕಾಣುವ ಹಂಪಿ ಇನ್ನೊಂದು. ಚೈತ್ರದ ಬಿಸಿಲಿನಲ್ಲಿ ಸುತ್ತಲ ಹತ್ತೂರು ಜನ ಬಂದು ತೇರೆಳೆಯುವ ಹಂಪಿ ಮತ್ತೊಂದು. ಯಾವುದನ್ನು ನೋಡಬೇಕೆಂದು ಮೊದಲು ತೀರ್ಮಾನವಾಗಬೇಕು. ಆಮೇಲೆ ದಿನ ಗೊತ್ತುಮಾಡಬೇಕು. ದಿನ ಗೊತ್ತುಮಾಡುವುದರಲ್ಲಿ ನಾನು ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಅದನ್ನು ಹೇಳದೆ ಇನ್ನೊಬ್ಬರಿಗೆ ಬುದ್ಧಿ ಹೇಳಿದರೆ ಸರಿಯಾಗದು.

ನಮ್ಮವ್ವ ಎಂಟು-ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ತಮ್ಮ ಅಪ್ಪನ ಜೊತೆ ಕಮಾನು ಗಾಡಿಯಲ್ಲಿ ಹಂಪಿ ತೇರಿಗೆ ಹೋಗಿದ್ದರು. ತುಂಗಭದ್ರಾ ಅಣೆಕಟ್ಟು ಆಗಿನ್ನೂ ಹೊಸದು. 1953ರಲ್ಲಿ ಅದರಲ್ಲಿ ನೀರು ನಿಂತ ಮೇಲೆ ಜಾತ್ರೆಗೆ ಹೋದವರೆಲ್ಲ 'ಡ್ಯಾಮು' ನೋಡಿಕೊಂಡೇ ಬರುವುದು ರೂಢಿಯಾಯಿತಂತೆ. ಅವ್ವನಿಗೆ ಡ್ಯಾಮು ನೆನಪಿಲ್ಲ, ತೇರು ನೆನಪಿದೆ. ಅಪ್ಪನ ಹೆಗಲ ಮೇಲೆ ಕುಳಿತು ದವನ ಸಿಕ್ಕಿಸಿದ ಬಾಳೆಹಣ್ಣನ್ನು ತೇರಿಗೆ ಎಸೆದದ್ದು, ಅದು ತೇರಿಗೆ ತಾಗದೆ ಮುಂದೆ ನಿಂತಿದ್ದವರ ರುಮಾಲಿನ ಮೇಲೆ ಬಿದ್ದದ್ದು, ಇವನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಮದುವೆಯಾಗಿ ಚಿತ್ರದುರ್ಗದ ಕಡೆಗೆ ಬಂದ ಮೇಲೆ ಹೊಲ, ಮನೆ, ಮಕ್ಕಳು ಎಂದು ಮತ್ತೆ ಹೋಗುವುದು ಆಗಲೇ ಇಲ್ಲ. ಮೂರು ಗಂಟೆಯ ಬಸ್ಸಿನ ದಾರಿ ಎಪ್ಪತ್ತು ವರ್ಷ ದೂರವಾಗಿ ಉಳಿಯಿತು.

2023ರ ಕೊನೆಯಲ್ಲಿ ಅವರ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಕಣ್ಣಿನ ಒಳಗಿನ ಒತ್ತಡದಿಂದ ನರ ಸವೆಯುವ ಕಾಯಿಲೆ ಇದು. ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ. ನಡುವಿನದು ಉಳಿದಿರುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗ ವಯಸ್ಸಾಯಿತು ಎಂದುಕೊಳ್ಳುತ್ತೇವೆ. ಪೊರೆಯ ಹಾಗೆ ಶಸ್ತ್ರಚಿಕಿತ್ಸೆ ಮಾಡಿ ಹೋದ ನೋಟವನ್ನು ಮರಳಿ ತರುವಂತಿಲ್ಲ. ಹನಿ ಔಷಧಿ ಹಾಕಿ ಇರುವುದನ್ನು ಉಳಿಸಿಕೊಳ್ಳಬೇಕು, ಅಷ್ಟೆ. ನಲವತ್ತು ದಾಟಿದವರು ಕನ್ನಡಕದ ನಂಬರು ನೋಡಿಸಿಕೊಳ್ಳುವಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅವ್ವ ಆ ದಿನ ಆಸ್ಪತ್ರೆಯಿಂದ ಬರುವಾಗ ಹೇಳಿದ್ದು ಒಂದೇ ಮಾತು: "ಕಣ್ಣು ಇನ್ನೂ ಇದ್ದಂಗೇ ಒಂದ್ಸಲ ಹಂಪಿ ತೇರು ತೋರ್ಸಪ್ಪ."

ಹಂಪಿಯ ವಿರೂಪಾಕ್ಷನ ತೇರು ಚೈತ್ರ ಶುದ್ಧ ಹುಣ್ಣಿಮೆಗೆ, ಅಂದರೆ ದವನದ ಹುಣ್ಣಿಮೆಗೆ. ನಾನು ಪಂಚಾಂಗ ತೆಗೆಯಲಿಲ್ಲ. ಲೆಕ್ಕ ನನ್ನ ಬೆರಳ ತುದಿಯಲ್ಲಿತ್ತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕೆ 365. ಆದ್ದರಿಂದ ನಮ್ಮ ಹಬ್ಬಗಳು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಬರುತ್ತವೆ. 2022ರಲ್ಲಿ ಈ ಹುಣ್ಣಿಮೆ ಏಪ್ರಿಲ್ 16ಕ್ಕೆ, 2023ರಲ್ಲಿ ಏಪ್ರಿಲ್ 6ಕ್ಕೆ. ಹಾಗಾದರೆ 2024ರಲ್ಲಿ ಮಾರ್ಚ್ ಕೊನೆಯ ವಾರ. ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದರೆ ಮಾರ್ಚ್ 24-25ಕ್ಕೆ ದುಂಡಗಿನ ಹುಣ್ಣಿಮೆಯ ಗುರುತು ಇದ್ದೇ ಇತ್ತು! ಲೆಕ್ಕಕ್ಕೆ ಚಂದ್ರನೇ ಸಾಕ್ಷಿ ನಿಂತ ಮೇಲೆ ಇನ್ನೇನು ಬೇಕು? 24 ಭಾನುವಾರ. ಮಾರನೆಯ ದಿನದಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ರಾತ್ರಿಯೇ ಹಿಂತಿರುಗಿದರೆ ಸರಿ. ಹುಣ್ಣಿಮೆಯ ಹೆಸರೇನೆಂದು ನಾನು ಓದಲಿಲ್ಲ.

ಹೊಸಪೇಟೆಯಲ್ಲಿಳಿದು ಹಂಪಿಯ ಬಸ್ಸು ಹಿಡಿದಾಗಲೇ ಅನುಮಾನ ಬರಬೇಕಿತ್ತು. ತೇರಿನ ದಿನದ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದುಂಟೆ? ಹಂಪಿಯಲ್ಲಿ ಇಳಿದರೆ ರಥಬೀದಿ ಬಣಗುಟ್ಟುತ್ತಿತ್ತು. ತೇರುಗಳು ತಗಡಿನ ಮರೆಯಲ್ಲಿ ನಿಂತಿದ್ದವು. ನಾಲ್ಕಾರು ಹುಡುಗರು ಹಲಗೆ ಬಡಿಯುತ್ತ ಕಾಮಣ್ಣನಿಗೆ ಕಟ್ಟಿಗೆ ಕೂಡಿಸುತ್ತಿದ್ದರು. ಬಂದದ್ದು ಹೋಳಿ ಹುಣ್ಣಿಮೆ! ಹಣ್ಣು-ಕಾಯಿ ಮಾರುವ ಹೆಂಗಸನ್ನು ಕೇಳಿದೆ. "ತೇರಾ? ಅದು ಯುಗಾದಿ ಆದ ಮ್ಯಾಲಲ್ರೀ, ಇನ್ನಾ ಒಂದು ತಿಂಗಳೈತಿ" ಎಂದು ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

ಅವ್ವ ಮಂಟಪದ ಕಟ್ಟೆಯ ಮೇಲೆ ಕುಳಿತರು. ಬೈಯಲಿಲ್ಲ. "ಯುಗಾದಿನೇ ಆಗಿಲ್ಲ, ದವನದ ಹುಣ್ಣಿಮೆ ಎಲ್ಲಿಂದ ಬಂತು ಅಂತ ನನಗೂ ಅನ್ನಿಸ್ತು ಕಣಪ್ಪ. ನೀನು ಸೈನ್ಸ್ ಮೇಷ್ಟ್ರು, ಲೆಕ್ಕ ಹಾಕಿರ್ತೀಯ ಅಂತ ಸುಮ್ನಾದೆ" ಎಂದರು. ಬೈದಿದ್ದರೆ ವಾಸಿಯಿತ್ತು.

ನನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದು ಅಧಿಕ ಮಾಸ. ವರ್ಷ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತಲೇ ಹೋದರೆ ಯುಗಾದಿ ಮಳೆಗಾಲಕ್ಕೂ ದೀಪಾವಳಿ ಬೇಸಿಗೆಗೂ ಬಂದುಬಿಡಬೇಕಲ್ಲ! ಹಾಗಾಗದಂತೆ ಹಿರಿಯರು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ತಿಂಗಳನ್ನು ಸೇರಿಸುತ್ತಾರೆ. ಎಲ್ಲಿ ಸೇರಿಸುವುದು ಎಂಬುದಕ್ಕೂ ಅಚ್ಚುಕಟ್ಟಾದ ನಿಯಮವಿದೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಮಣ. ಯಾವ ಚಾಂದ್ರಮಾಸದಲ್ಲಿ ಸಂಕ್ರಮಣವೇ ಇಲ್ಲವೋ ಅದು ಅಧಿಕ. 2023ರ ಜುಲೈ 17ರ ಬೆಳಗಿನ ಜಾವ ಕರ್ಕ ಸಂಕ್ರಮಣವಾಯಿತು. ಅದಾದ ಮೇಲೆ ಅಮಾವಾಸ್ಯೆ ಮುಗಿಯಿತು. ಮುಂದಿನ ಅಮಾವಾಸ್ಯೆ ಆಗಸ್ಟ್ 16ಕ್ಕೆ. ಸಿಂಹ ಸಂಕ್ರಮಣ ಅದರ ಮಾರನೆಯ ದಿನ. ಎರಡು ಸಂಕ್ರಮಣಗಳ ನಡುವೆ ಒಂದಿಡೀ ತಿಂಗಳು ಸಿಕ್ಕಿಕೊಂಡಿತು. ಅದೇ ಅಧಿಕ ಶ್ರಾವಣ. ಹಾಗಾಗಿ 2024ರ ದವನದ ಹುಣ್ಣಿಮೆ ಹನ್ನೊಂದು ದಿನ ಹಿಂದೆ ಬರುವ ಬದಲು ಹದಿನೇಳು ದಿನ ಮುಂದೆ ಹೋಗಿ ಏಪ್ರಿಲ್ 23ಕ್ಕೆ ಬಿತ್ತು. ಹಾಗೆಯೇ 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ; ಅದರಿಂದ 2027ರ ದವನದ ಹುಣ್ಣಿಮೆ ಏಪ್ರಿಲ್ 20ರ ಆಸುಪಾಸಿಗೆ ಹೋಗುತ್ತದೆ. ಇದನ್ನೆಲ್ಲ ಒಂಬತ್ತನೆಯ ತರಗತಿಯ ಮಕ್ಕಳಿಗೆ ಎಷ್ಟೋ ಸಲ ವಿವರಿಸಿದವನು ನಾನೇ.

ಬಂದದ್ದಾಯಿತು, ದೇವಸ್ಥಾನವನ್ನಾದರೂ ನೋಡೋಣ ಎಂದು ಒಳಗೆ ಹೋದೆವು. ಗರ್ಭಗುಡಿಯ ಹಿಂಭಾಗದಲ್ಲಿ ಕೆಲವು ಮೆಟ್ಟಿಲು ಹತ್ತಿದರೆ ಕತ್ತಲೆಯ ಒಂದು ಸಣ್ಣ ಅಂಕಣ. ಅದರ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡಿರುತ್ತದೆ. ಜನ ಅದನ್ನು ಗೋಪುರದ ನೆರಳು ಎನ್ನುತ್ತಾರೆ; ನೆರಳಲ್ಲ, ಬಿಂಬ. ಎದುರು ಗೋಡೆಯಲ್ಲಿ ಒಂದು ಕಿಂಡಿ ಇದೆ. ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ಗೋಪುರದ ತುದಿಯಿಂದ ಹೊರಟದ್ದು ಕಿಂಡಿಯ ಮೂಲಕ ಇಳಿದು ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ. ರಟ್ಟಿನ ಡಬ್ಬಿಗೆ ಸೂಜಿಯಲ್ಲಿ ತೂತು ಮಾಡಿ, ಹಿಂದೆ ಎಣ್ಣೆ ಸವರಿದ ಕಾಗದ ಅಂಟಿಸಿ, ಮಕ್ಕಳಿಗೆ ಮೇಣದ ಬತ್ತಿ ತೋರಿಸುತ್ತೇವಲ್ಲ, ಅದೇ ಪಾಠ. ಇಲ್ಲಿ ಡಬ್ಬಿ ಕಲ್ಲಿನದು, ಮೇಣದ ಬತ್ತಿ ಸುಮಾರು ಐವತ್ತು ಮೀಟರಿನದು. ಬಿಸಿಲು ಬಲವಾಗಿದ್ದಷ್ಟೂ ಬಿಂಬ ಸ್ಪಷ್ಟ. ಮೋಡ ಮುಚ್ಚಿದ ಶ್ರಾವಣದ ದಿನ ಹೋದವರು ಮಂಕು ಗೋಡೆ ನೋಡಿ, ಏನೂ ಇಲ್ಲ ಎಂದು ಬೈದುಕೊಂಡು ಬರುತ್ತಾರೆ. ಆವತ್ತು ಮಾರ್ಚಿನ ಉರಿಬಿಸಿಲು. ಕತ್ತಲಲ್ಲಿ ಬೆಳಕಿನ ಗೋಪುರ ಎದ್ದು ಕಾಣುತ್ತಿತ್ತು. ಅವ್ವ ಬಹಳ ಹೊತ್ತು ನಿಂತು ನೋಡಿದರು. "ಕಳಸ ಕೆಳಗೈತೆ" ಎಂದು ನಕ್ಕರು. ನನಗೆ ಅಷ್ಟು ಸಮಾಧಾನ.

ಏಪ್ರಿಲ್ 23ಕ್ಕೆ ಮತ್ತೆ ಹೋಗಬೇಕೆಂದುಕೊಂಡರೆ, 26ಕ್ಕೆ ನಮ್ಮ ಭಾಗದ ಲೋಕಸಭಾ ಮತದಾನ. ಮತಗಟ್ಟೆಯ ಕೆಲಸಕ್ಕೆ ಆದೇಶ ಕೈಗೆ ಬಂದಿತ್ತು. ತಮ್ಮ ಕರೆದುಕೊಂಡು ಹೋಗುತ್ತಾನೆ ಎಂದೆ. "ತಪ್ಪು ಲೆಕ್ಕ ಹಾಕ್ದೋನು ನೀನು, ನೀನೇ ಕರ್ಕಂಡು ಹೋಗು" ಎಂದು ಅವ್ವ ಹಟ ಹಿಡಿದರು. ಒಂದು ವರ್ಷ ಹೋಯಿತು.

ಈಗ ಕನ್ನಡ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಹಂಪಿಯ ವರ್ಷವನ್ನು ಜೂನಿನಿಂದ ಎಣಿಸುವುದು ಅನುಕೂಲ. ಹಂಪಿಯ ಆಕಾಶದಲ್ಲಿ ಮೋಡವಿಲ್ಲದಿದ್ದರೂ ಹೊಳೆ ತುಂಬಿ ಬರಬಹುದು. ತುಂಗಭದ್ರೆಯ ನೀರು ಹಂಪಿಯದಲ್ಲ, ಮಲೆನಾಡಿನದು. ತುಂಗೆಯೂ ಭದ್ರೆಯೂ ಹುಟ್ಟುವ ಪಶ್ಚಿಮ ಘಟ್ಟದಲ್ಲಿ ಜೂನ್‌ನಿಂದ ಆಗಸ್ಟಿನವರೆಗೆ ಹುಯ್ಯುವ ಮಳೆ ಅಣೆಕಟ್ಟನ್ನು ತುಂಬಿಸುತ್ತದೆ. ಬಳ್ಳಾರಿ ಸೀಮೆ ಮಳೆಯ ನೆರಳಿನ ನಾಡು. ಅಲ್ಲಿಯ ಸ್ವಂತ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್ ಹೊತ್ತಿಗೆ. ಅಣೆಕಟ್ಟಿನ 33 ಗೇಟುಗಳಿಂದ ನೀರು ಬಿಟ್ಟರೆ ಹಂಪಿಯಲ್ಲಿ ಸ್ನಾನಘಟ್ಟಗಳೂ ಪುರಂದರ ಮಂಟಪವೂ ಮುಳುಗುತ್ತವೆ, ಹರಿಗೋಲು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಹೊಳೆಯ ಅಬ್ಬರ ನೋಡುವ ಆಸೆಯಿದ್ದರೆ ಆಗಸ್ಟಿಗೆ ಹೋಗಿ. ಆದರೆ ಆಚೆ ದಡದ ಆನೆಗೊಂದಿಗೆ ಹರಿಗೋಲಿನಲ್ಲಿ ದಾಟುವ ಯೋಚನೆ ಆಗ ಬೇಡ. ಬಳಸು ದಾರಿಯಲ್ಲಿ ಬಸ್ಸು ಹಿಡಿಯಿರಿ. ಮಳೆಯಲ್ಲಿ ಹಳೆಯ ಮಂಟಪಗಳ ಕೆಳಗೆ ಆಶ್ರಯ ಪಡೆಯುವಾಗಲೂ ತಲೆಯೆತ್ತಿ ನೋಡಿ. 2024ರ ಮೇ ತಿಂಗಳ ಮಳೆಗೆ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು.

ಮಳೆ ಮುಗಿದ ಆಶ್ವೀಜದಲ್ಲಿ ಒಂದು ಕಾಲಕ್ಕೆ ಹಂಪಿಯ ಅತಿ ದೊಡ್ಡ ಹಬ್ಬ ನಡೆಯುತ್ತಿತ್ತು. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಂಬತ್ತು ದಿನಗಳ ಮಹಾನವಮಿಯ ಕುಸ್ತಿ, ಕುಣಿತ, ಬಾಣಬಿರುಸು, ಆನೆ-ಕುದುರೆಗಳ ಮೆರವಣಿಗೆ, ಕೊನೆಗೆ ರಾಜ ಸೈನ್ಯ ನೋಡಲು ಹೊರಟದ್ದು ಎಲ್ಲವನ್ನೂ ಬರೆದಿಟ್ಟಿದ್ದಾನೆ. ಸೈನ್ಯ ನೋಡಲು ಆ ಕಾಲವೇ ಏಕೆ? ಮಳೆ ನಿಂತು ದಾರಿಗಳು ಒಣಗಿದ ಮೇಲಲ್ಲವೆ ದಂಡಯಾತ್ರೆಯ ಮಾತು! 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆ ಹಬ್ಬ ಹಂಪಿಯನ್ನು ಬಿಟ್ಟಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಎತ್ತಿಕೊಂಡರು. ಆಮೇಲೆ ಅದು ಮೈಸೂರು ದಸರೆಯಾಯಿತು. ದಸರೆಯ ರಜೆಯಲ್ಲಿ ಎಲ್ಲರೂ ಮೈಸೂರಿಗೆ ಓಡುವಾಗ ಒಮ್ಮೆ ಹಂಪಿಗೆ ಹೋಗಿ ಮಹಾನವಮಿ ದಿಬ್ಬದ ಸುತ್ತ ನಿಧಾನವಾಗಿ ನಡೆಯಿರಿ ಎಂಬುದು ನನ್ನ ಸಲಹೆ. ಕುದುರೆ ತಂದವರು, ಕುಸ್ತಿಯವರು, ಕುಣಿಯುವವರು, ಬೇಟೆಯವರು ಅದರ ಪಟ್ಟಿಕೆಗಳಲ್ಲಿ ಇನ್ನೂ ಸಾಲುಗಟ್ಟಿ ಹೋಗುತ್ತಿದ್ದಾರೆ. ಹಬ್ಬ ಹೋದರೂ ಮೆರವಣಿಗೆ ಅಲ್ಲೇ ಉಳಿದಿದೆ.

ಚಳಿಗಾಲಕ್ಕೆ ಫಲಪೂಜೆ. ಪಂಪಾದೇವಿಗೂ ವಿರೂಪಾಕ್ಷನಿಗೂ ಆಗ ನಿಶ್ಚಿತಾರ್ಥ, ಮದುವೆ ಚೈತ್ರದಲ್ಲಿ. ನಮ್ಮ ಹಳ್ಳಿಗಳಲ್ಲೂ ಹೀಗೇ ಅಲ್ಲವೆ? ಮಾತು ಮುಗಿಸಿ ವೀಳ್ಯ ಬದಲಾಯಿಸುವುದು ಒಂದು ಕಾಲ, ಸುಗ್ಗಿಯ ದುಡ್ಡು ಕೈಗೆ ಬಂದ ಮೇಲೆ ಮದುವೆ. ತೇರಿನ ನೂಕುನುಗ್ಗಲು ಬೇಡ, ಜಾತ್ರೆಯ ರುಚಿ ಬೇಕು ಎನ್ನುವವರಿಗೆ ಫಲಪೂಜೆ ಒಳ್ಳೆಯ ಆಯ್ಕೆ. ಹವೆಯೂ ತಂಪು. ಡಿಸೆಂಬರಿನಲ್ಲಿ ಆಚೆ ದಡದ ಅಂಜನಾದ್ರಿಗೆ ಹನುಮಮಾಲೆಯವರು ಸಾವಿರಗಟ್ಟಲೆ ಬರುವ ದಿನಗಳನ್ನು ಮಾತ್ರ ತಿಳಿದುಕೊಂಡು ಹೊರಡಿ. ವರ್ಷದ ಕೊನೆಯ ವಾರವಂತೂ ಶಾಲಾ ಪ್ರವಾಸದ ಬಸ್ಸುಗಳ ಜಾತ್ರೆ. ಆ ಪಾಪದಲ್ಲಿ ನನ್ನದೂ ಪಾಲಿದೆ.

ಇನ್ನು ಹಂಪಿ ಉತ್ಸವ. ಇದಕ್ಕೆ ತಿಥಿ, ನಕ್ಷತ್ರ ಯಾವುದೂ ಅನ್ವಯಿಸುವುದಿಲ್ಲ. ಸರ್ಕಾರದ ಪ್ರಕಟಣೆ ಅನ್ವಯಿಸುತ್ತದೆ. ಮೊದಲು ನವೆಂಬರಿನಲ್ಲಿ ನಡೆಯುತ್ತಿದ್ದ ಉತ್ಸವ 2020ರಲ್ಲಿ ಜನವರಿ 10ಕ್ಕೆ, 2023ರಲ್ಲಿ ಜನವರಿ 27ಕ್ಕೆ, 2024ರಲ್ಲಿ ಫೆಬ್ರುವರಿ 2ಕ್ಕೆ, 2025ರಲ್ಲಿ ಫೆಬ್ರುವರಿ 28ಕ್ಕೆ ಶುರುವಾಯಿತು. ಇದರ ಅಧಿಕ ಮಾಸ ಯಾವುದೆಂದು ಯಾವ ಪಂಚಾಂಗವೂ ಹೇಳಲಾರದು. ಪತ್ರಿಕೆಯಲ್ಲಿ ದಿನಾಂಕ ಬಂದ ಮೇಲೆಯೇ ರಜೆ ಹಾಕಿ. ಸಂಗೀತ, ದೀಪಾಲಂಕಾರ ನೋಡುವ ಆಸೆಯಿದ್ದವರಿಗೆ ಅದು ಸರಿ. ಕಲ್ಲುಗಳ ಜೊತೆ ಒಬ್ಬರೇ ಇರಬೇಕೆನ್ನುವವರು ಆ ಮೂರು ದಿನ ಬಿಟ್ಟು ಹೋಗುವುದು ಮೇಲು.

ಬೇರೆ ಎರಡು ಮಾತು: ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ನಿಮ್ಮ ವಾಹನ ಬಿಡುವುದಿಲ್ಲ. ಬ್ಯಾಟರಿ ಗಾಡಿ, ಇಲ್ಲವೆ ನಡಿಗೆ. ಕಂಬಗಳನ್ನು ಬಡಿದು ಸಪ್ಪಳ ಕೇಳುವಂತಿಲ್ಲ, ಒಳ್ಳೆಯದೇ ಆಯಿತು.

ತೇರಿನ ಕಾಲ ಎಂದರೆ ಬಿಸಿಲಿನ ಕಾಲ. ಅಲ್ಲಿಯ ಬಂಡೆಗಳು ಹಗಲೆಲ್ಲ ಕುಡಿದ ಶಾಖವನ್ನು ಕತ್ತಲಾದ ಮೇಲೂ ಬಿಡುತ್ತಿರುತ್ತವೆ. ವಯಸ್ಸಾದವರನ್ನು ಕರೆದೊಯ್ಯುವವರು ಹನ್ನೊಂದರಿಂದ ನಾಲ್ಕರವರೆಗೆ ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ನೆರಳಿನಲ್ಲಿ ಇರಿಸಿ. ದೇವಸ್ಥಾನದ ಪ್ರಾಕಾರದಲ್ಲಿ ಚಪ್ಪಲಿ ಇಲ್ಲದೆ ನಡೆಯಬೇಕಾದ್ದರಿಂದ ದಪ್ಪ ಕಾಲುಚೀಲ ಒಯ್ಯಿರಿ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ಇದಿಷ್ಟನ್ನೂ 2025ರ ಏಪ್ರಿಲ್ 12ರಂದು ನಾನು ಚಾಚೂ ತಪ್ಪದೆ ಪಾಲಿಸಿದೆ. ಈ ಸಲ ಪಂಚಾಂಗ ನೋಡಿದ್ದೆ, ಹೊಸಪೇಟೆಯ ಪರಿಚಯದವರಿಗೆ ಫೋನು ಮಾಡಿದ್ದೆ, ಯುಗಾದಿಯ ಒಬ್ಬಟ್ಟು ತಿಂದು ಹದಿಮೂರು ದಿನವಾಗಿತ್ತು.

ಆ ಒಂದು ವರ್ಷದಲ್ಲಿ ಅವ್ವನ ನೋಟ ಇನ್ನಷ್ಟು ಕಿರಿದಾಗಿತ್ತು. ಕೊಳವೆಯಲ್ಲಿ ನೋಡಿದ ಹಾಗೆ, ನಡುವೆ ಅಂಗೈಯಗಲ ಬೆಳಕು, ಸುತ್ತ ಮಬ್ಬು. ಸಂಜೆ ಸಾಲುಮಂಟಪದ ಕಟ್ಟೆಯ ಮೇಲೆ, ಕಂಬಕ್ಕೆ ಒರಗಿಸಿ ಕೂರಿಸಿದೆ. ಬೀದಿಯ ಉದ್ದಕ್ಕೂ ತಲೆಗಳು. ಮುಂದೆ ಚಿಕ್ಕ ತೇರು, ಹಿಂದೆ ದೊಡ್ಡದು. ಹಗ್ಗ ಬಿಗಿಯಾದಾಗ ಎದ್ದ ಕೂಗಿಗೆ ಅವ್ವ ನನ್ನ ಮುಂಗೈ ಹಿಡಿದುಕೊಂಡರು. ಇಡೀ ತೇರು ಅವರ ಕಣ್ಣಿಗೆ ಒಟ್ಟಿಗೆ ಸಿಗುತ್ತಿರಲಿಲ್ಲ. ತುಂಡು ತುಂಡಾಗಿ ನೋಡುತ್ತ ಹೇಳತೊಡಗಿದರು: "ಗಾಲಿ ಬಂತು... ಇದು ಹಗ್ಗ... ಬಾವುಟ... ಕಳಸ ಎಲ್ಲೈತೋ?" ನಾನು ಅವರ ಗದ್ದ ಹಿಡಿದು ಮುಖವನ್ನು ಸ್ವಲ್ಪ ಮೇಲಕ್ಕೆ ಎತ್ತಿದೆ. "ಹಾಂ, ಸಿಕ್ತು. ಈಸಲ ಮೇಲೈತೆ" ಎಂದರು.

ದವನ ಸಿಕ್ಕಿಸಿದ ಬಾಳೆಹಣ್ಣನ್ನು ಅವರ ಕೈಗೆ ಕೊಟ್ಟೆ. ಎಸೆದರು. ಅದು ತೇರಿಗೆ ತಾಗಿತೋ, ಯಾರ ತಲೆಯ ಮೇಲೆ ಬಿತ್ತೋ ನನಗೆ ಕಾಣಲಿಲ್ಲ. ಅವರು ಕೇಳಿದರು. ತಾಗಿತು ಎಂದೆ.

ಕತ್ತಲಾಗುತ್ತ ಬಂತು. ರಥಬೀದಿ ಪೂರ್ವ-ಪಶ್ಚಿಮವಾಗಿದೆ, ಪಶ್ಚಿಮದ ತುದಿಗೆ ವಿರೂಪಾಕ್ಷ, ಪೂರ್ವದ ತುದಿಗೆ ಎದುರು ಬಸವಣ್ಣ, ಅದರಾಚೆ ಮಾತಂಗ ಬೆಟ್ಟ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರಾಗಿರುವುದರಿಂದ ಅವನು ಮುಳುಗುವ ಹೊತ್ತಿಗೆ ಇವನು ಏಳುತ್ತಾನೆ. ತೇರಿನ ಹಿಂದೆ ಸೂರ್ಯ ಇಳಿಯುವಾಗ ಬೀದಿಯ ಆ ತುದಿಯಲ್ಲಿ ಬೆಟ್ಟದ ಬದಿಯಿಂದ ಚಂದ್ರ ಬರುತ್ತಾನೆ. ಹಿಂದಿನವರು ಜಾತ್ರೆಗಳನ್ನು ಹುಣ್ಣಿಮೆಗೆ ಇಟ್ಟದ್ದರಲ್ಲಿ ಭಕ್ತಿಯ ಜೊತೆಗೆ ರಾತ್ರಿ ಗಾಡಿ ಹೊಡೆಯುವವರ ಅನುಕೂಲವೂ ಇತ್ತು ಎಂದು ನನ್ನ ಅಂದಾಜು. ಅವ್ವನಿಗೆ ಇದನ್ನು ವಿವರಿಸಿದೆ. ಅವರಿಗೆ ಅದು ಗೊತ್ತಿತ್ತು. "ನಮ್ಮಪ್ಪ ಎತ್ತಿನ ಕೊರಳಗಂಟೆ ಕೇಳ್ಕಂತ ಬೆಳ್ಳನ್ನ ಬೆಳದಿಂಗಳಲ್ಲಿ ಗಾಡಿ ಹೊಡ್ಕಂಡು ಬಂದ" ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಉಳಿದ ದವನದ ಕಡ್ಡಿಯನ್ನು ಮೂಸುತ್ತ ಕೇಳಿದರು: "ಮುಂದಿನ್ ವರ್ಷ ಯಾವತ್ತು ಬತ್ತದೆ?"

ಜೇಬಿನಲ್ಲಿ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು ನೋಡಿದೆ. "ಏಪ್ರಿಲ್ ಮೊದಲ ದಿನಗಳಲ್ಲೇ ಅವ್ವ."

"ಯುಗಾದಿ ಆಗಿರ್ತದಲ್ಲ?"